ಸತ್ಯಾಂಶ: ಕ್ಯಾಥೊಲಿಕರು ಒಳ್ಳೆ ಕೆಲಸದಿಂದ ರಕ್ಷಣೆ ‘ಗಳಿಸುತ್ತಾರಾ’?

ಕ್ಯಾಥೊಲಿಕರು ಒಳ್ಳೆ ಕೆಲಸ ಮಾಡಿ ರಕ್ಷಣೆ (ಪಾಪದಿಂದ ಬಿಡುಗಡೆ) ಗಳಿಸುತ್ತಾರೆ, ಪ್ರೊಟೆಸ್ಟೆಂಟರಿಗೆ ಸುಮ್ನೆ ನಂಬಿದರೆ ಸಾಕು ಎಂಬ ಫಾರ್ವರ್ಡ್ ಓಡಾಡುತ್ತಿದೆ. ಎರಡೂ ತಪ್ಪು.

ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್‌ಗೆ ಉತ್ತರ ಕೊಡಲು ಸೇರಿದ ಕ್ಯಾಥೊಲಿಕ್ ಸಭೆಯ ಟ್ರೆಂಟ್ ಮಹಾಸಭೆಯೇ 1547ರಲ್ಲಿ, ದೇವರ ಕೃಪೆಯಿಲ್ಲದೆ ಬರೀ ಸ್ವಂತ ಕೆಲಸಗಳಿಂದ ಮನುಷ್ಯ ದೇವರ ಮುಂದೆ ನೀತಿವಂತನಾಗಬಲ್ಲ ಎಂಬ ಮಾತನ್ನು ಮೊದಲ ನಿಯಮದಲ್ಲೇ ತಳ್ಳಿಹಾಕಿತು. ಫಾರ್ವರ್ಡ್ ಮಾಡುವವರು ಅಷ್ಟು ದೂರ ಓದುವುದಿಲ್ಲ ಬಿಡಿ. ಇತ್ತ ಲೂಥರ್ ಕೂಡ, ನಿಜವಾದ ನಂಬಿಕೆ ಒಳ್ಳೆಯದನ್ನು ಮಾಡದೆ ಇರಲಾರದು ಎಂದೇ ಬರೆದರು.

ಹಾಗಂತ ಭಿನ್ನಾಭಿಪ್ರಾಯ ಇಲ್ಲ ಎಂದಲ್ಲ. ಕೃಪೆ ಸಿಕ್ಕ ಮೇಲೆ ಮಾಡುವ ಕೆಲಸಕ್ಕೆ ದೇವರ ಮುಂದೆ ಪುಣ್ಯಫಲ ಉಂಟಾ ಎಂಬಲ್ಲಿ ಜಗಳ ಜಾಸ್ತಿ. ಆದರೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರ್ ಹಾದಿಯ ಸಭೆಗಳ ಲೂಥರನ್ ಒಕ್ಕೂಟ ಮತ್ತು ಕ್ಯಾಥೊಲಿಕ್ ಸಭೆ ಜಂಟಿ ಘೋಷಣೆಗೆ ಸಹಿ ಹಾಕಿದವು. ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದ ಮಾತ್ರ, ನಮ್ಮ ಅರ್ಹತೆಯಿಂದಲ್ಲ ಎಂದು ಒಪ್ಪಿಕೊಂಡವು. 2006ರಲ್ಲಿ ಇನ್ನೊಂದು ಪ್ರೊಟೆಸ್ಟೆಂಟ್ ಪಂಗಡವಾದ ಮೆಥಡಿಸ್ಟರೂ ಸೇರಿಕೊಂಡರು.