ಕರ್ನಲ್‌ಗಿರಿಯ ಗೈಡೆನ್ಸ್ ವ್ಯಾಲ್ಯೂ

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಕರ್ನಲ್ ಆಗಬೇಕಾದರೆ ಕತ್ತಿವರಸೆ ಆಮೇಲೆ ಕಲಿತರೂ ನಡೆಯುತ್ತಿತ್ತು. ಮೊದಲು ದರಪಟ್ಟಿ ನೋಡಬೇಕು. ಕುದುರೆ ದಳದಲ್ಲಿ ಎಲ್ಲರಿಗಿಂತ ಕಿರಿಯ ಅಧಿಕಾರಿ ಕಾರ್ನೆಟ್, 840 ಪೌಂಡ್. ಕ್ಯಾಪ್ಟನ್ 3,225. ಲೆಫ್ಟಿನೆಂಟ್ ಕರ್ನಲ್ 6,175. ಪ್ರತಿಸಲ ಅಷ್ಟನ್ನೂ ಸುರಿಯಬೇಕಿಲ್ಲ, ಕೈಲಿರುವ ಹುದ್ದೆ ಮಾರಿ ಮೇಲಿನ ವ್ಯತ್ಯಾಸ ಕಟ್ಟಿದರಾಯಿತು. ಹಳೇ ಸ್ಕೂಟರ್ ಕೊಟ್ಟು ಹೊಸದು ತಂದ ಹಾಗೆ.

ಇದು ಸರ್ಕಾರಿ ದರ, ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯ ಗೈಡೆನ್ಸ್ ವ್ಯಾಲ್ಯೂ ಇದ್ದಂತೆ. ಮಾರ್ಕೆಟ್ ರೇಟೇ ಬೇರೆ. ಹೆಚ್ಚಿಗೆ ಕೊಡುವುದು ಅಪರಾಧ, ಆದ್ದರಿಂದ ಗುಟ್ಟಾಗಿ ಕೊಡುತ್ತಿದ್ದರು. ತೊಡಕು ಒಂದೇ: ಕಾಳಗದಲ್ಲಿ ಸತ್ತರೆ ಹಾಕಿದ ದುಡ್ಡು ಮುಳುಗಿತು. ಫಿರಂಗಿ ಮತ್ತು ಎಂಜಿನಿಯರ್ ದಳಗಳಲ್ಲಿ ಮಾತ್ರ ಈ ವ್ಯಾಪಾರವಿರಲಿಲ್ಲ. ಅಲ್ಲಿ ಲೆಕ್ಕ ಬರಬೇಕಿತ್ತು. (ಶ್ರೀರಂಗಪಟ್ಟಣದ ಮುತ್ತಿಗೆಗೆ ಬಂದ ಆರ್ಥರ್ ವೆಲ್ಲೆಸ್ಲಿ 33ನೇ ರೆಜಿಮೆಂಟಿನ ಕರ್ನಲ್‌ಗಿರಿ ಕೊಂಡದ್ದೂ ಅಣ್ಣ ಕೊಟ್ಟ ಸಾಲದಲ್ಲೇ. ಅವನಿಗೆ ಯುದ್ಧವೂ ಬರುತ್ತಿತ್ತು, ಅದು ಬೋನಸ್ಸು.)

ಈ ಪದ್ಧತಿಯ ಚಿನ್ನದ ಫಸಲು ಕಾರ್ಡಿಗನ್‌ನ ಏಳನೇ ಅರ್ಲ್, ಜೇಮ್ಸ್ ಬ್ರೂಡ್‌ನೆಲ್. 1824ರಲ್ಲಿ ಸೇರಿದ, 1832ರಲ್ಲಿ 15ನೇ ಹುಸಾರ್ಸ್ ಎಂಬ ಕುದುರೆ ರೆಜಿಮೆಂಟಿನ ಯಜಮಾನ. ಕೊಟ್ಟದ್ದು 35,000 ಪೌಂಡ್ ಎಂದು ಆಗಿನವರ ಮಾತು. ಕೈಕೆಳಗಿನ ಕ್ಯಾಪ್ಟನ್ ಮೇಲೆ ಹಾಕಿದ ಆರೋಪ ಕೋರ್ಟ್‌ಮಾರ್ಷಲ್‌ನಲ್ಲಿ ಬಿದ್ದುಹೋಗಿ 1834ರಲ್ಲಿ ಇವನನ್ನೇ ಹುದ್ದೆಯಿಂದ ಇಳಿಸಿದರು. ಎರಡೇ ವರ್ಷಕ್ಕೆ ಇನ್ನೊಂದು ರೆಜಿಮೆಂಟಿನ ಒಡೆತನ.

ಅಲ್ಲಿ ಯುದ್ಧ ಬಾಟಲಿಯ ಮೇಲೆ. ಅಧಿಕಾರಿಗಳ ಮೆಸ್ಸಿನಲ್ಲಿ ಪೋರ್ಟರ್ ಬಿಯರ್ ಕೂಡದೆಂಬುದು ದೊರೆಯ ಕಟ್ಟಪ್ಪಣೆ. 1840ರ ಒಂದು ಔತಣದಲ್ಲಿ ಅತಿಥಿ ಕೇಳಿದ್ದು ಮೊಸೆಲ್ ವೈನ್. ಅದನ್ನು ಗಾಜಿನ ಹೂಜಿಗೆ ಬಗ್ಗಿಸದೆ ಕಪ್ಪು ಬಾಟಲಿಯಲ್ಲೇ ಮೇಜಿಗಿಟ್ಟರು. ಬಾಟಲಿ ಕಪ್ಪು, ಅಂದಮೇಲೆ ಒಳಗಿರುವುದು ಬಿಯರೇ! ಅದನ್ನು ತರಿಸಿದ ಕ್ಯಾಪ್ಟನ್ ರೆನಾಲ್ಡ್ಸ್ ಬಂಧನದಲ್ಲಿ. ಮೂಸಿ ನೋಡುವ ಪುಣ್ಯಾತ್ಮ ಒಬ್ಬನೂ ಇರಲಿಲ್ಲ.

ಅದೇ ವರ್ಷ ವಿಂಬಲ್ಡನ್ ಬಯಲಿನಲ್ಲಿ ದ್ವಂದ್ವಯುದ್ಧ ಮಾಡಿ ಟಕೆಟ್ ಎಂಬವನಿಗೆ ಗುಂಡು ಹೊಡೆದ. ವಿಚಾರಣೆ ನಡೆದದ್ದು 1841ರಲ್ಲಿ, ಹೌಸ್ ಆಫ್ ಲಾರ್ಡ್ಸ್‌ನ ಸರೀಕರ ಮುಂದೆ. ಆರೋಪಪಟ್ಟಿಯಲ್ಲಿ ಗಾಯಾಳು ಹಾರ್ವೆ ಗಾರ್ನೆಟ್ ಫಿಪ್ಸ್ ಟಕೆಟ್, ಸಾಕ್ಷಿಗೆ ಸಿಕ್ಕ ಚೀಟಿಯಲ್ಲಿ ಬರೀ ಹಾರ್ವೆ ಟಕೆಟ್. ಇಬ್ಬರೂ ಒಬ್ಬನೇ ಎಂದು ರುಜುವಾಗಲಿಲ್ಲ, ಖುಲಾಸೆ. ಆಧಾರ್ ಕಾರ್ಡಿನಲ್ಲಿ ಇನಿಷಿಯಲ್ ಹೊಂದದೆ ಪಿಂಚಣಿ ಕಳಕೊಂಡವರಿಗೆ ಈ ತೀರ್ಪಿನ ಸೊಗಸು ಗೊತ್ತಾಗುತ್ತದೆ.

1854ರ ಅಕ್ಟೋಬರ್ 25, ರಷ್ಯದ ಮೇಲಿನ ಕ್ರಿಮಿಯಾ ಯುದ್ಧದ ಬಾಲಕ್ಲಾವ. ಸಿಪಾಯಿಗಳು ಕೆಸರಿನ ಗುಡಾರದಲ್ಲಿ, ಕುದುರೆ ಬ್ರಿಗೇಡಿನ ನಾಯಕ ಕಾರ್ಡಿಗನ್ ಬಂದರಿನಲ್ಲಿ ಕಟ್ಟಿದ ತನ್ನ ಸ್ವಂತ ವಿಹಾರನೌಕೆ ‘ಡ್ರೈಯಾಡ್’ನಲ್ಲಿ. ಆಜ್ಞೆ ಎಡವಟ್ಟಾಗಿ ತಲುಪಿತು, ಸುಮಾರು 670 ಸವಾರರು ಎದುರಿಗಿದ್ದ ಫಿರಂಗಿಗಳ ಬಾಯಿಗೇ ನುಗ್ಗಿದರು. ಮುಂದೆ ಇದ್ದವನು ಇವನೇ, ಅಂಜಲಿಲ್ಲ. ಆ ಮಾತು ತೆಗೆದುಹಾಕುವಂತಿಲ್ಲ. ಆದರೆ ಫಿರಂಗಿ ಸಾಲು ದಾಟಿದ ಮೇಲೆ ತನ್ನ ಕೆಲಸ ಮುಗಿಯಿತೆಂದು, ಹಿಂದೆ ಬಂದವರು ಏನಾದರೆಂದು ನೋಡದೆ ವಾಪಸ್ ಹೊರಟ. ಸುಮಾರು 110 ಮಂದಿ ಸತ್ತಿದ್ದರು. ಸಂಜೆ ಇವನು ನೌಕೆಗೆ ಹೋಗಿ ಸ್ನಾನ ಮಾಡಿದ, ಷಾಂಪೇನ್ ಕುಡಿದ, ಉಂಡು ಮಲಗಿದ.

ಮರುವರ್ಷ ರಾಣಿ ಬಿರುದು ಕೊಟ್ಟಳು: ಆರ್ಡರ್ ಆಫ್ ದ ಬಾತ್. ಬಾತ್ ಅಂದರೆ ಸ್ನಾನವೇ. ಜೊತೆಗೆ ಇಡೀ ಕುದುರೆ ದಳದ ಇನ್‌ಸ್ಪೆಕ್ಟರ್ ಜನರಲ್ ಪಟ್ಟ.

1871ರಲ್ಲಿ ಹುದ್ದೆಗಳ ಈ ಸಂತೆ ಎತ್ತಿದರು. ಕೊಂಡವರಿಗೆ ಬೊಕ್ಕಸದಿಂದ ಪರಿಹಾರ, ಕಾನೂನು ಮೀರಿ ಕೊಟ್ಟ ಕಪ್ಪುಹಣವೂ ಅದರಲ್ಲಿ ಸೇರಿತ್ತು. ಅಕ್ರಮ-ಸಕ್ರಮ ನಾವು ಕಂಡುಹಿಡಿದದ್ದೆಂದು ಬೀಗುವಂತಿಲ್ಲ.