ನಮ್ಮನೆಯವರು ಟ್ರಯಥ್ಲೀಟ್ ಅಂತೆ, ಸಿಲಿಂಡರ್ ಮಾತ್ರ ನಾನೇ ಎತ್ತಬೇಕು

ನಾರ್ವೆಯ ಕ್ರಿಸ್ಟಿಯಾನ್ ಬ್ಲುಮ್ಮೆನ್‌ಫೆಲ್ಟ್, ಗುಸ್ತಾವ್ ಈಡನ್ ಅನ್ನೋ ಇಬ್ಬರು ಮಹಾನುಭಾವರ ಮೇಲೆ, ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದೇ ರೇಸಲ್ಲಿ ಮಾಡೋ ಟ್ರಯಥ್ಲಾನ್ ಆಟಗಾರರ ಮೇಲೆ, ನನಗೆ ವಿಪರೀತ ಸಿಟ್ಟಿದೆ. ಪಾಪ, ಅವರಿಗೆ ನಾನು ಯಾರೆಂದೇ ಗೊತ್ತಿಲ್ಲ. ಆದರೆ ಬೆಂಗಳೂರಿನ ನಮ್ಮ ಎರಡು ಬೆಡ್‌ರೂಮಿನ ಮನೆ ನಡೆಯುತ್ತಿರುವುದು ಅವರ ಟೈಮ್‌ಟೇಬಲ್ ಮೇಲೆ.

ಬ್ಲುಮ್ಮೆನ್‌ಫೆಲ್ಟ್ 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು, ಗೆರೆ ದಾಟಿದ ಮೇಲೆ ವಾಂತಿ ಮಾಡಿಕೊಂಡು ಗಾಲಿಕುರ್ಚಿಯಲ್ಲಿ ಹೋದವರು. ಈಡನ್ 2022ರಲ್ಲಿ ಹವಾಯಿಯ ಕೋನಾದಲ್ಲಿ ಐರನ್‌ಮ್ಯಾನ್ ಅನ್ನೋ ಉದ್ದದ ಟ್ರಯಥ್ಲಾನ್‌ನ ವಿಶ್ವ ಚಾಂಪಿಯನ್. 3.8 ಕಿ.ಮೀ. ಈಜಿ, 180 ಕಿ.ಮೀ. ಸೈಕಲ್ ಹೊಡೆದು, ಆಮೇಲೆ ಪೂರ್ತಿ ಮ್ಯಾರಥಾನ್ ಓಡಿ, ಎಲ್ಲ ಸೇರಿ 7 ಗಂಟೆ 40 ನಿಮಿಷ. ನಾನೂ ಬಾಯಿ ಬಿಟ್ಟುಕೊಂಡು ನೋಡಿದೆ. ಸುಳ್ಳು ಹೇಳಲ್ಲ.

ನಮ್ಮನೆಯವರದು ಅದರ ಅರ್ಧ, ಗೋವಾದ ‘70.3’ ಅನ್ನೋ ರೇಸ್ (ಒಟ್ಟು 70.3 ಮೈಲಿ). 1.9 ಕಿ.ಮೀ. ಈಜು, 90 ಸೈಕಲ್, 21 ಓಟ. ಅದೂ ಕಷ್ಟವೇ. ಆದರೆ ದೂರ ಅರ್ಧ ಅಂತ ಆಡಂಬರವೂ ಅರ್ಧ ಆಗಬೇಕು ಅಲ್ವಾ? ಆಗಲಿಲ್ಲ.

ನಾರ್ವೆಯವರು ಪ್ರಾಕ್ಟೀಸ್ ಮಧ್ಯೆ ನಿಂತು, ಚುಚ್ಚಿಕೊಂಡು, ರಕ್ತದಲ್ಲಿ ಲ್ಯಾಕ್ಟೇಟ್ (ಮೈ ಜೋರಾಗಿ ದುಡಿದಾಗ ಏರೋ ಪದಾರ್ಥ) ಎಷ್ಟಿದೆ ಅಂತ ನೋಡುತ್ತಾರಂತೆ. ಸರಿ, ಇವರೂ ಒಂದು ಮಿಷನ್ ತರಿಸಿದರು. ನಮ್ಮತ್ತೆಗೆ ಶುಗರ್. ಮನೆಯಲ್ಲಿ ಆಗಲೇ ಒಂದು ಚುಚ್ಚುವ ಮಿಷನ್ ಇತ್ತು. ಈಗ ಅತ್ತೆಯ ಸೂಜಿಗಳು ಮಂಗಮಾಯ. ಕೇಳಿದರೆ, "ಇಂಟರ್ವಲ್ ಪ್ರಾಕ್ಟೀಸ್ ಮಧ್ಯೆ ಅರ್ಜೆಂಟಾಗಿ ಬೇಕಾಯ್ತು ಕಣೇ" ಅನ್ನುತ್ತಾರೆ.

ಅತ್ತೆ ಊರಿಂದ ಬಂದ ದಿನದ ಕಥೆ ಕೇಳಿ. ಮಗ ಚಡ್ಡಿ ಹಾಕಿಕೊಂಡು ಬಂದು ಕಾಲಿಗೆ ಬಿದ್ದ. ಎರಡೂ ಕಾಲು ನುಣ್ಣಗೆ ಬೋಳು. ಎಲೀಟ್‌ಗಳು, ಅಂದರೆ ದೊಡ್ಡ ಮಟ್ಟದ ಆಟಗಾರರು, ಹಾಗೇ ಬೋಳಿಸುವುದು, ಗಾಳಿ ಅಡ್ಡ ಬರಲ್ಲ ಅಂತ. ಅತ್ತೆ ಗಾಬರಿಯಾಗಿ, "ಯಾವ ದೇವರಿಗೋ ಕಾಲಿನ ಮುಡಿ ಕೊಟ್ಟೆ?" ಅಂದರು. ನಾನು ಅಡುಗೆಮನೆಗೆ ಓಡಿಹೋಗಿ ನಕ್ಕೆ. ಆಮೇಲೆ ಬಾತ್‌ರೂಮಿನ ಜಾಲರಿಗೆ ಸಿಕ್ಕಿಕೊಂಡ ಕೂದಲು ನೆನಪಾಗಿ ನಗು ನಿಂತುಹೋಯಿತು.

ಸೈಕಲ್ ಇರುವುದು ಹಾಲ್‌ನಲ್ಲಿ, ಟಿ.ವಿ. ಮುಂದೆ, ನಿಂತಲ್ಲೇ ತುಳಿಯೋಕೆ ಇರೋ ‘ಟ್ರೈನರ್’ ಸ್ಟ್ಯಾಂಡ್ ಮೇಲೆ. ಅದರ ಒಂದು ಚಕ್ರದ ದುಡ್ಡಲ್ಲಿ ಹೊಸ ಫ್ರಿಜ್ ಬರುತ್ತಿತ್ತು. ಕೆಳಗೆ ಬೆವರು ಹೀರಲು ನನ್ನ ಒಳ್ಳೆ ಟವೆಲ್. ತುಳಿಯುತ್ತಾ ತುಳಿಯುತ್ತಾ ಪ್ಯಾಕೆಟ್ಟಿನ ಸಿಹಿ ಎನರ್ಜಿ ಜೆಲ್ ಹೀರುತ್ತಾರೆ. ಗಂಟೆಗೆ 90 ಗ್ರಾಂ ಕಾರ್ಬ್ (ಕಾರ್ಬೋಹೈಡ್ರೇಟ್) ಒಳಗೆ ಹೋಗಬೇಕಂತೆ, ಹೊಟ್ಟೆಗೂ ಟ್ರೇನಿಂಗ್ ಅಂತೆ. ಖಾಲಿ ಪ್ಯಾಕೆಟ್ ಮತ್ತೆ ಜೆರ್ಸಿಯ ಬೆನ್ನ ಜೇಬಿಗೆ. ಜೇಬಿಂದ ವಾಷಿಂಗ್ ಮಿಷನ್‌ಗೆ. ಅಲ್ಲಿಂದ ಅಂಟು ಅಂಟಾಗಿ ನನ್ನ ಕಾಟನ್ ಸೀರೆಗೆ. ಒಬ್ಬಟ್ಟಿಗೆ ಬೆಲ್ಲ ಜಾಸ್ತಿ ಅನ್ನೋ ಮನುಷ್ಯ ಇದನ್ನು ಹಾಗೇ ನುಂಗುತ್ತಾರೆ, ನೋಡಿ!

ರೇಸಲ್ಲಿ ಟೈಮ್ ಉಳಿಸೋಕೆ ಎಲೀಟ್‌ಗಳು ಸೈಕಲ್ ಮೇಲೆ ಕೂತೇ ಉಚ್ಚೆ ಹೊಯ್ಯುತ್ತಾರೆ, ಗೊತ್ತಾ? ಅದೊಂದು ಮಾತ್ರ ಕಲಿಯಬೇಡಿ ಅಂತ ಕೈಮುಗಿದಿದ್ದೇನೆ. ಆ ಬಟ್ಟೆ ಒಗೆಯೋದು ಯಾರು?

ಏನಾದರೂ ಅಂದರೆ ತಕ್ಷಣ ಜರ್ಮನಿಯ ಯಾನ್ ಫ್ರೋಡೆನೊ ಉದಾಹರಣೆ ಬರುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಅವರು ಸ್ಪೇನಿನ ಮನೆಯಲ್ಲೇ ಪೂರ್ತಿ ಐರನ್‌ಮ್ಯಾನ್ ಮುಗಿಸಿದರು. ಈಜಿದ್ದು, ಸೈಕಲ್ ಹೊಡೆದದ್ದು, ಓಡಿದ್ದು ಎಲ್ಲ ಮನೆಯಲ್ಲೇ. ದಾನಕ್ಕೆ ದುಡ್ಡನ್ನೂ ಎತ್ತಿದರು. "ಅವರ ಹೆಂಡತಿ ಏನಾದರೂ ಅಂದರಾ?" ಅಂತ ನನಗೆ ಪ್ರಶ್ನೆ. ಅಲ್ಲಾರೀ, ಅವರ ಹೆಂಡತಿ ಎಮ್ಮಾ ಸ್ನೋಸಿಲ್ 2008ರ ಬೀಜಿಂಗ್‌ನಲ್ಲಿ ಇದೇ ಟ್ರಯಥ್ಲಾನ್‌ನಲ್ಲಿ ಚಿನ್ನ ಗೆದ್ದವರು! ಅವರ ಗಂಡನೂ ಅದೇ ಒಲಿಂಪಿಕ್ಸ್‌ನಲ್ಲಿ ಗೆದ್ದವರು. ಅದು ಆ ಮನೆಯ ಕಸುಬು. ನೀವು ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರ್. ನಾನು ಬೆಳಿಗ್ಗೆ ಎಂಟೂವರೆಗೆ ಮೆಟ್ರೋ ಹಿಡಿಯಬೇಕಾದವಳು.

ನನ್ನ ಹೊಟ್ಟೆಯುರಿ ಇರುವುದೇ ಇಲ್ಲಿ. ಎಲೀಟ್‌ಗಳು ವಾರಕ್ಕೆ 25–30 ಗಂಟೆ ಬೆವರು ಹರಿಸಿ, ಉಳಿದ ಹೊತ್ತು ತಿಂದು ಮಲಗುತ್ತಾರೆ. ಅವರಿಗೆ ಬೇರೆ ಕೆಲಸ ಇಲ್ಲ, ಅದೇ ಕೆಲಸ. ಕೋಚ್, ಮಸಾಜ್ ಮಾಡುವವರು, ಸೈಕಲ್ ರಿಪೇರಿಯವರು ಎಲ್ಲ ಇರುತ್ತಾರೆ. ನಮ್ಮಲ್ಲಿ ಆ ಅಷ್ಟೂ ಸ್ಟಾಫ್ ನಾನೇ. ಸಂಬಳ ಇಲ್ಲ, ವಾರದ ರಜೆ ಇಲ್ಲ, ನಾಲ್ಕು ಗಂಟೆಯ ಅಲಾರಂ ಮಾತ್ರ ಪುಕ್ಕಟೆ.

ರೇಸಿಗೆ ವಾರ ಇದ್ದಾಗ ಟೇಪರ್, ಅಂದರೆ ಪ್ರಾಕ್ಟೀಸ್ ಇಳಿಸೋ ಕಾಲ. ಕಾಲು ಫ್ರೆಶ್ ಆಗಿರಬೇಕು, ಆದ್ದರಿಂದ ತರಕಾರಿ ಚೀಲ ಹಿಡಿಯಂಗಿಲ್ಲ. ನಿಲ್ಲೋ ಬದಲು ಕೂರಬೇಕು, ಕೂರೋ ಬದಲು ಮಲಗಬೇಕಂತೆ. ರೇಸ್ ಆದ ಮೇಲೆ ರಿಕವರಿ, ಆಗಲೂ ಮಲಗಬೇಕು. ಅದಾದ ಮೇಲೆ ಆಫ್ ಸೀಸನ್. ಅದರಲ್ಲಿ ಮನಸ್ಸಿಗೂ ರೆಸ್ಟ್ ಬೇಕಂತೆ, ಕರೆಂಟ್ ಬಿಲ್ ಕಟ್ಟೋದೂ ಬೇಡ. ಮೊನ್ನೆ ಸಿಲಿಂಡರ್ ಬಂತು. ಸ್ವಲ್ಪ ಒಳಗೆ ತಂದಿಡ್ರೀ ಅಂದೆ. ವಾಚ್ ನೋಡಿಕೊಂಡು, "ಇವತ್ತು ಝೋನ್ ಒನ್ ಅಷ್ಟೇ, ಹಾರ್ಟ್ ರೇಟ್ ಏರಬಾರದು" ಅಂದರು.

ಇವರ ಕೋಚ್ ಆನ್‌ಲೈನ್‌ನಲ್ಲಿ ಪ್ಲಾನ್ ಕಳಿಸ್ತಾರೆ. ಅದರಲ್ಲಿ ಬರೆದದ್ದನ್ನು ಈ ಮನುಷ್ಯ ವೇದವಾಕ್ಯ ಅಂತ ಪಾಲಿಸುತ್ತಾರೆ. ಇದನ್ನು ಓದುವ ಕೋಚ್‌ಗಳು ಯಾರಾದರೂ ಇದ್ದರೆ ಕೇಳಿಸಿಕೊಳ್ಳಿ. ಮುಂದಿನ ವಾರದ ಪ್ಲಾನ್‌ನಲ್ಲಿ, ಭಾನುವಾರ ಬೆಳಿಗ್ಗೆ: ಸಿಲಿಂಡರ್, ಬಾಗಿಲಿಂದ ಅಡುಗೆಮನೆಗೆ, ಒಂದು ಸೆಟ್. ಆಮೇಲೆ ಬಾತ್‌ರೂಮ್ ಜಾಲರಿ, ಪೂರ್ತಿ ಕ್ಲೀನ್ ಆಗೋವರೆಗೆ.