ಬೆಂಗಳೂರಿಗೆ ಕೆಂಪು ಗೆರೆ

2014ರ ನವೆಂಬರ್ 1ರಂದು ರಾಜ್ಯ ಸರ್ಕಾರ 12 ಊರುಗಳ ಹೆಸರು ಬದಲಾಯಿಸಿತು. ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ. ಬಿಜಾಪುರದಂಥ ಒಂದೆರಡನ್ನು ಬಿಟ್ಟರೆ ಕನ್ನಡಿಗರು ಅದಕ್ಕೆ ಮುಂಚೆಯೂ ಮೈಸೂರು, ತುಮಕೂರು ಎಂದೇ ಬರೆಯುತ್ತಿದ್ದರು, ಆಮೇಲೂ ಹಾಗೆಯೇ ಬರೆದರು. ರಾಜ್ಯೋತ್ಸವದ ದಿನ ಉದ್ಧಾರವಾದದ್ದು ಇಂಗ್ಲಿಷ್ ಸ್ಪೆಲ್ಲಿಂಗು.

ಕೆಲಸದ ನಾಜೂಕು ನೋಡಿ. ಬೆಂಗಳೂರಿನ ಇಂಗ್ಲಿಷ್ ಹೆಸರಿಗೆ ಆಗಲೂ 9 ಅಕ್ಷರ, ಈಗಲೂ 9. ಎರಡನೇ ಜಾಗದ 'ಎ' ಹೋಗಿ 'ಇ' ಬಂತು. ಏಳನೇ ಜಾಗದ 'ಓ', ಒಂಬತ್ತನೆಯ 'ಇ' ಎರಡೂ 'ಯು' ಆದವು. ಬಳ್ಳಾರಿಯ ಬಾಲದಲ್ಲಿದ್ದ 'ವೈ' ಕಿತ್ತು 'ಐ' ಕೂರಿಸಿದರು. ಮೈಸೂರಿನ ಹೊಟ್ಟೆಯೊಳಗಿನ 'ವೈ' ಮಾತ್ರ ಅಲ್ಲಾಡಲಿಲ್ಲ. ಅರಮನೆಯ ಶಿಫಾರಸು ಇತ್ತೇನೋ! ಹೊಸಪೇಟೆಯ ಹೊಸ ಸ್ಪೆಲ್ಲಿಂಗಿನ ಕೊನೆಯ ನಾಲ್ಕು ಅಕ್ಷರವನ್ನು ಹಂಪಿ ನೋಡಲು ಬಂದ ಇಂಗ್ಲಿಷಿನವನು 'ಪೀಟ್' ಎಂದು ಓದುತ್ತಾನೆ. ಅವನೂರಲ್ಲಿ ಪೀಟರನನ್ನು ಹಾಗೆ ಕರೆಯುತ್ತಾರೆ.

ಇನ್ನು ಳಕಾರ. ಬೆಂಗಳೂರು, ಮಂಗಳೂರು, ಚಿಕ್ಕಮಗಳೂರು, ಹುಬ್ಬಳ್ಳಿ, ಬಳ್ಳಾರಿ, ಬೆಳಗಾವಿ: 12ರಲ್ಲಿ ಸರಿಯಾಗಿ ಅರ್ಧಕ್ಕೆ 'ಳ' ಇದೆ. ವಿದ್ವಾಂಸರು 'ಎಲ್' ಅಡಿಯಲ್ಲಿ ಒಂದು ಚುಕ್ಕೆಯಿಟ್ಟು ಅದನ್ನು ತೋರಿಸುತ್ತಾರೆ. ಸರ್ಕಾರಕ್ಕೆ ಚುಕ್ಕೆ ದುಬಾರಿಯಾಯಿತು. ಹಾಗಾಗಿ ಹೊರಗಿನವರು ಈಗ 'ಬೆಂಗಲೂರು' ಎನ್ನುತ್ತಾರೆ, ಅದೂ ಪೂರ್ತಿ ಧೈರ್ಯದಿಂದ.

ರೈಲು ನಿಲ್ದಾಣದ ಬೋರ್ಡಿಗೆ ಹೊಸ ಬಣ್ಣ ಬಿತ್ತು, ಕೋಡು ಹಳೆಯದೇ. ಹುಬ್ಬಳ್ಳಿ ಇಂದಿಗೂ 'ಯುಬಿಎಲ್'. ಬಳ್ಳಾರಿ 'ಬಿಎವೈ': ಊರಿಂದ ಗಡಿಪಾರಾದ 'ವೈ' ರೈಲ್ವೆಯಲ್ಲಿ ಆಶ್ರಯ ಪಡೆದಿದೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಒಡೆದಾಗ ಮರಿ ವಿವಿಗಳು ಹೊಸ ಸ್ಪೆಲ್ಲಿಂಗಿನಲ್ಲಿ ಹುಟ್ಟಿದವು, ತಾಯಿ ಹಳೆಯದರಲ್ಲೇ ಉಳಿದಳು.

1906ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ 300 ಪದಗಳ ಸ್ಪೆಲ್ಲಿಂಗ್ ಸರಳಗೊಳಿಸುವಂತೆ ಸರ್ಕಾರಿ ಮುದ್ರಣಾಲಯಕ್ಕೆ ಆದೇಶ ಕೊಟ್ಟರು. ಪತ್ರಿಕೆಗಳು ಗೇಲಿ ಮಾಡಿದವು, ಸಂಸತ್ತು ತಿರುಗಿಬಿತ್ತು, ಆದೇಶ ಅದೇ ವರ್ಷ ವಾಪಸಾಯಿತು. ನಮ್ಮಲ್ಲಿ ಅಷ್ಟು ರಗಳೆ ಇಲ್ಲ. ಇಲ್ಲಿ ಎದುರಾಡಿದ್ದು ಸ್ಪೆಲ್ ಚೆಕರ್ ಒಂದೇ.

ಅದಕ್ಕೆ ಗೆಜೆಟ್ ಓದುವ ಅಭ್ಯಾಸವಿಲ್ಲ. ಟೈಪಾದ ಪದ ತನ್ನ ಪಟ್ಟಿಯಲ್ಲಿದೆಯೇ ಎಂದು ನೋಡುತ್ತದೆ, ಇಲ್ಲದಿದ್ದರೆ ಕೆಂಪು ಗೆರೆ ಎಳೆಯುತ್ತದೆ. 2014ಕ್ಕಿಂತ ಹಿಂದಿನ ಪಟ್ಟಿ ಹೊತ್ತ ಕಚೇರಿ ಕಂಪ್ಯೂಟರಿಗೆ ಘನ ಸರ್ಕಾರದ ಕಲಬುರಗಿಯೇ ಕಾಗುಣಿತ ದೋಷ. ಮೌಸಿನ ಬಲಗುಂಡಿ ಒತ್ತಿ 'ಆ್ಯಡ್ ಟು ಡಿಕ್ಷನರಿ' ಕೊಟ್ಟರೆ ಗೆರೆ ಮಾಯ, ಆದರೆ ಆ ಒಂದು ಕಂಪ್ಯೂಟರಿನಲ್ಲಿ ಮಾತ್ರ. ಅದೇ ಪತ್ರ ಪಕ್ಕದ ಮೇಜಿನಲ್ಲಿ ತೆರೆದರೆ ಮತ್ತೆ ಕೆಂಪು.

ಇದಕ್ಕೆ ಕಚೇರಿಗಳ ಬಳಿ ಮದ್ದಿದೆ: ಎಲ್ಲವನ್ನೂ ಕ್ಯಾಪಿಟಲ್ ಅಕ್ಷರದಲ್ಲಿ ಬಡಿಯುವುದು. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಪೂರ್ತಿ ಕ್ಯಾಪಿಟಲ್ ಪದಗಳನ್ನು ತಪಾಸಣೆಯಿಲ್ಲದೆ ಬಿಡುವ ಸೆಟ್ಟಿಂಗ್ ಮೊದಲೇ ಆನ್ ಆಗಿರುತ್ತದೆ. ಲೆಟರ್‌ಹೆಡ್, ನಾಮಫಲಕ, ಟೆಂಡರ್ ಶೀರ್ಷಿಕೆ ಎಲ್ಲ ಕ್ಯಾಪಿಟಲ್; ಹಾಗಾಗಿ ಗೇಣುದ್ದ ಅಕ್ಷರದ ತಪ್ಪಿಗೆ ಗೆರೆಯೇ ಇಲ್ಲ. ಸಣ್ಣಕ್ಷರದಲ್ಲೂ ನಿಶ್ಚಿಂತೆಯಿಲ್ಲ. 'ಮ್ಯಾನೇಜರ್' ಸ್ಪೆಲ್ಲಿಂಗಿನ ಎರಡನೆಯ 'ಎ' ಬಿದ್ದುಹೋದರೆ ದನಕ್ಕೆ ಮೇವು ಹಾಕುವ ಗೋದಲಿ ಉಳಿಯುತ್ತದೆ. ಅದೂ ನಿಘಂಟಿನ ಪದವೇ. ಯಂತ್ರ ತೆಪ್ಪಗಿರುತ್ತದೆ, ಕಡತ ಸಹಿಗೆ ಹೋಗುತ್ತದೆ, ಗೋದಲಿಯವರು ಸಹಿ ಹಾಕುತ್ತಾರೆ.